ನಲ್ಲಿಯ ನೀರು ಹತ್ತಿ ಬಂದ ದಾರಿ

ಪರಿಸರ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಕಾಡು, ಹುಲಿ, ಕಾರ್ಖಾನೆಯ ಹೊಗೆ ಮತ್ತು ಜೂನ್ 5ರಂದು ಶಾಲೆಯ ಅಂಗಳದಲ್ಲಿ ನೆಡುವ ಸಸಿ. ಸಸಿ ನೆಟ್ಟು ಮನೆಗೆ ಬಂದ ಮೇಲೆ ಕೈಗಂಟಿದ ಮಣ್ಣು ತೊಳೆಯಲು ನಲ್ಲಿ ತಿರುಗಿಸುತ್ತೀರಿ. ಆ ನಲ್ಲಿಯ ನೀರಿಗೂ ಪರಿಸರಕ್ಕೂ ಇರುವ ನಂಟು ಎಷ್ಟು ದೊಡ್ಡದೆಂಬುದನ್ನು ಪ್ರಬಂಧ ಸ್ಪರ್ಧೆಗಳಲ್ಲಿ ಯಾರೂ ಕೇಳುವುದಿಲ್ಲ. ಇಲ್ಲಿ ಅದನ್ನೇ ನೋಡೋಣ. ಚರ್ಚೆಯ ಕಾರ್ಯಕ್ರಮದಲ್ಲಿ ಅಂಕಿ ಅಂಶಗಳು ಕಿರುತೆರೆಯ ಮೇಲೆ ಮೂಡಿ ಮರೆಯಾಗಿಬಿಡುತ್ತವೆ. ಕಾಗದದ ಮೇಲಾದರೆ ನೀವು ಪೆನ್ಸಿಲ್ ಹಿಡಿದು ಒಂದೊಂದನ್ನೂ ಪರೀಕ್ಷಿಸಬಹುದು. ದಯವಿಟ್ಟು ಪರೀಕ್ಷಿಸಿ. ಅದಕ್ಕೆ ಹೈಸ್ಕೂಲಿನ ಭೌತಶಾಸ್ತ್ರ ಸಾಕು.

ಬೆಂಗಳೂರಿನ ಒಂದು ಮನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲ್ಲಿನ ಜಲಮಂಡಳಿಯ ಕೊಳಾಯಿಯಲ್ಲಿ ಬರುವುದು ಕಾವೇರಿ ನೀರು. ಶಿವನಸಮುದ್ರದ ಬಳಿ ನದಿಯಿಂದ ತಿರುಗಿಸಿದ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು, ಅಲ್ಲಿ ಒಮ್ಮೆ, ಹಾರೋಹಳ್ಳಿಯಲ್ಲಿ ಒಮ್ಮೆ, ತಾತಗುಣಿಯಲ್ಲಿ ಮತ್ತೊಮ್ಮೆ ಪಂಪುಗಳಿಂದ ಮೇಲಕ್ಕೆ ನೂಕಲ್ಪಟ್ಟು ನಗರವನ್ನು ಸೇರುತ್ತದೆ. ದೂರ ಸುಮಾರು 100 ಕಿಲೋಮೀಟರ್. ದೂರಕ್ಕಿಂತ ಮುಖ್ಯವಾದದ್ದು ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ನೀರು ಎತ್ತುವ ಜಾಗ ಬಹಳ ಕೆಳಗಿದೆ. ಒಟ್ಟಿನಲ್ಲಿ ಪ್ರತಿಯೊಂದು ಹನಿಯನ್ನೂ ಸುಮಾರು 500 ಮೀಟರ್ ಮೇಲೇರಿಸಬೇಕು. ಚಾಮುಂಡಿ ಬೆಟ್ಟವನ್ನು ಬುಡದಿಂದ ತುದಿಯವರೆಗೆ ಒಮ್ಮೆ ಹತ್ತಿದರೂ ಅಷ್ಟು ಎತ್ತರವಾಗುವುದಿಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿ. ಇದೇ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯ ನೀರು ಕೆಳಗೆ ಧುಮುಕುವ ಬಲದಿಂದ ವಿದ್ಯುತ್ತನ್ನು ಉತ್ಪಾದಿಸಿ, ಅದನ್ನು ತಂತಿಯ ಮೂಲಕ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಲಾಯಿತು. 1905ರಲ್ಲಿ ಬೆಂಗಳೂರಿನ ಬೀದಿ ದೀಪಗಳಿಗೂ ಅದೇ ವಿದ್ಯುತ್ತು ಬಂದಿತು. ಆಗ ನಗರಕ್ಕೆ ಕುಡಿಯುವ ನೀರು ಬರುತ್ತಿದ್ದುದು 1894ರಲ್ಲಿ ಆರಂಭವಾದ ಹೆಸರಘಟ್ಟ ಯೋಜನೆಯಿಂದ. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸೇರಿಕೊಂಡಿತು. ಅದೂ ಸಾಲದೆ 1974ರಲ್ಲಿ ಕಾವೇರಿ ಮೊದಲನೇ ಹಂತ ಬಂದಿತು. ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ನೀರು ಇಳಿದು ನಮಗೆ ವಿದ್ಯುತ್ತು ಕೊಟ್ಟ ಸ್ಥಳದಲ್ಲೇ ಈಗ ನಾವು ವಿದ್ಯುತ್ತು ಖರ್ಚು ಮಾಡಿ ನೀರನ್ನು ಮೇಲೆತ್ತುತ್ತಿದ್ದೇವೆ.

ಎಷ್ಟು ಖರ್ಚು? ಲೆಕ್ಕ ಸರಳ. 1,000 ಲೀಟರ್ ನೀರಿನ ತೂಕ 1,000 ಕಿಲೋಗ್ರಾಂ. ಗುರುತ್ವ ವೇಗೋತ್ಕರ್ಷ 9.8. ಎತ್ತರ 500 ಮೀಟರ್. ಮೂರನ್ನೂ ಗುಣಿಸಿದರೆ 49 ಲಕ್ಷ ಜೂಲ್. ಒಂದು ಯೂನಿಟ್ ವಿದ್ಯುತ್ ಎಂದರೆ 36 ಲಕ್ಷ ಜೂಲ್. ಆದ್ದರಿಂದ ಸುಮಾರು 1.4 ಯೂನಿಟ್ ಆಯಿತು. ಯಾವ ಪಂಪೂ ನೂರಕ್ಕೆ ನೂರು ಕೆಲಸ ಮಾಡುವುದಿಲ್ಲ, ಕೊಳವೆಯೊಳಗಿನ ಘರ್ಷಣೆಯೂ ತನ್ನ ಪಾಲು ಕೇಳುತ್ತದೆ. ಅವನ್ನೆಲ್ಲ ಸೇರಿಸಿ 2 ಯೂನಿಟ್ ಎಂದಿಟ್ಟುಕೊಳ್ಳೋಣ. ಹಾಗಾದರೆ 20 ಲೀಟರಿನ ಒಂದು ಬಕೆಟ್ ನೀರಿಗೆ 40 ವಾಟ್-ಗಂಟೆ. 9 ವಾಟಿನ ಎಲ್‌ಇಡಿ ಬಲ್ಬು ನಾಲ್ಕು ಗಂಟೆಗೂ ಹೆಚ್ಚು ಕಾಲ ಉರಿಯಲು ಇಷ್ಟು ಸಾಕು.

ನಗರವಾಸಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ನಮ್ಮ ದೇಶದಲ್ಲಿ ಯೋಜನೆಗಳನ್ನು ರೂಪಿಸುವಾಗ ಬಳಸುವ ಅಳತೆ. ನಾಲ್ವರ ಕುಟುಂಬಕ್ಕೆ 540 ಲೀಟರ್. ಅಂದರೆ ತಿಂಗಳಿಗೆ ಸುಮಾರು 32 ಯೂನಿಟ್. ಈ 32 ಯೂನಿಟ್ ನಿಮ್ಮ ಮನೆಯ ಮೀಟರಿನಲ್ಲಿ ಓಡುವುದಿಲ್ಲ. ಅದು ಓಡುವುದು ಪಂಪ್‌ಹೌಸಿನ ಮೀಟರಿನಲ್ಲಿ. ದೀಪ ಆರಿಸಿ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಲ್ಲಿ ನಿಲ್ಲಿಸಿದರೂ ವಿದ್ಯುತ್ತು ಉಳಿಯುತ್ತದೆ ಎಂದು ಹೇಳುವವರು ಕಡಿಮೆ. ಪಂಪ್‌ಹೌಸು ಕ್ಯಾಮೆರಾಕ್ಕೆ ಅಷ್ಟಾಗಿ ಒಗ್ಗುವ ವಸ್ತುವಲ್ಲ ಎಂಬುದೂ ಒಂದು ಕಾರಣವಿರಬಹುದು! ನಮ್ಮ ದೇಶದ ವಿದ್ಯುಜ್ಜಾಲದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 700 ಗ್ರಾಂನಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ರಾಯಚೂರಿನ ಶಾಖೋತ್ಪನ್ನ ಸ್ಥಾವರದಲ್ಲಿ ಉರಿಯುವ ಕಲ್ಲಿದ್ದಲಿಗೂ ನಿಮ್ಮ ಬಚ್ಚಲುಮನೆಯ ನಲ್ಲಿಗೂ ಸಂಬಂಧವಿರುವುದು ಹೀಗೆ.

ಬೆಂಗಳೂರಿನ ಹೊರಗಿರುವ ಓದುಗರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಪುಟ ತಿರುವಬೇಕಾಗಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಸಾವಿರ ಅಡಿ ಎಂದರೆ ಸುಮಾರು 300 ಮೀಟರ್. ಎತ್ತರ ಕಾವೇರಿಗಿಂತ ಕಡಿಮೆ, ಆದರೆ ಸಣ್ಣ ಸಬ್‌ಮರ್ಸಿಬಲ್ ಪಂಪಿನ ದಕ್ಷತೆಯೂ ಕಡಿಮೆ. ಹೀಗಾಗಿ ಖರ್ಚು ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಹತ್ತು ಮೀಟರಿನ ತೆರೆದ ಬಾವಿ ಇರುವವರು ಮಾತ್ರ ಈ ಲೆಕ್ಕದಿಂದ ಪಾರಾಗುತ್ತಾರೆ. ಅವರಿಗೂ ಬಿಸಿನೀರಿನ ಲೆಕ್ಕ ತಪ್ಪಿದ್ದಲ್ಲ; ಅದು ಮುಂದೆ ಬರುತ್ತದೆ.

ಮೊದಲು ಮಾಡಬೇಕಾದದ್ದು ಅಳತೆ. ಒಂದು ಬಕೆಟ್, ಒಂದು ಗಡಿಯಾರ ಸಾಕು. ಅಡುಗೆಮನೆಯ ನಲ್ಲಿಯನ್ನು ನೀವು ಪಾತ್ರೆ ತೊಳೆಯುವಾಗ ತಿರುಗಿಸುವಷ್ಟೇ ತಿರುಗಿಸಿ, ಒಂದು ನಿಮಿಷದಲ್ಲಿ ಎಷ್ಟು ನೀರು ಬೀಳುತ್ತದೆಂದು ಅಳೆಯಿರಿ. 10 ಲೀಟರ್ ಬಿದ್ದರೆ ಆಶ್ಚರ್ಯಪಡಬೇಡಿ. ಹತ್ತು ನಿಮಿಷ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆದರೆ ಐದು ಬಕೆಟ್ ನೀರು ಹೋಯಿತು. ಅದೇ ಪಾತ್ರೆಗಳನ್ನು ಮೊದಲು ಒಂದು ಬೇಸಿನ್ ನೀರಿನಲ್ಲಿ ಉಜ್ಜಿ, ಇನ್ನೊಂದರಲ್ಲಿ ಅದ್ದಿ ತೆಗೆದರೆ ಒಂದೂವರೆ ಬಕೆಟ್ಟಿನಲ್ಲಿ ಕೆಲಸ ಮುಗಿಯುತ್ತದೆ. ನಮ್ಮ ಅಜ್ಜಿಯಂದಿರು ಬಾವಿಯಿಂದ ಸೇದಿ ತಂದ ನೀರಿನಲ್ಲಿ ಹೀಗೆಯೇ ತೊಳೆಯುತ್ತಿದ್ದರು. ಸೇದಿದ ತೋಳಿಗೆ ನೀರಿನ ತೂಕ ಗೊತ್ತಿರುತ್ತದೆ. ನಲ್ಲಿಯ ಬಾಯಿಗೆ ಹಾಕುವ ಏರೇಟರ್ ಎಂಬ ಸಣ್ಣ ಜಾಲರಿ ನೀರಿನ ಧಾರೆಗೆ ಗಾಳಿ ಬೆರೆಸುತ್ತದೆ. ಧಾರೆ ದಪ್ಪವಾಗಿಯೇ ಕಂಡರೂ ಬೀಳುವ ನೀರು ಕಡಿಮೆಯಾಗುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಸಾವಿರಗಟ್ಟಲೆ ಬತ್ತಿದಾಗ ಜಲಮಂಡಳಿಯು ವಾಣಿಜ್ಯ ಕಟ್ಟಡಗಳು, ಅಪಾರ್ಟ್‌ಮೆಂಟುಗಳಂಥ ಕಡೆ ಇದನ್ನು ಅಳವಡಿಸಬೇಕೆಂದು ಆದೇಶಿಸಿತು. ಕಾರು ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದೂ ಸಾರಿತು.

ಸೋರುವ ನಲ್ಲಿಯನ್ನೂ ಅಳೆಯಬಹುದು. ಕಾಲು ಲೀಟರಿನ ಲೋಟವೊಂದು ಹನಿ ಹನಿಯಾಗಿ ತುಂಬಲು 15 ನಿಮಿಷ ಹಿಡಿದರೆ ಗಂಟೆಗೆ ಒಂದು ಲೀಟರ್, ತಿಂಗಳಿಗೆ 720 ಲೀಟರ್. ಅಂದರೆ 36 ಬಕೆಟ್ ನೀರು ಯಾರ ಉಪಯೋಗಕ್ಕೂ ಬಾರದೆ ಹೋಯಿತು. ಒಂದು ವಾಷರ್ ಬದಲಿಸಿದರೆ ಇದು ನಿಲ್ಲುತ್ತದೆ. ಕಣ್ಣಿಗೆ ಕಾಣದ ಸೋರಿಕೆ ಇರುವುದು ಶೌಚಾಲಯದ ಫ್ಲಷ್ ಟ್ಯಾಂಕಿನಲ್ಲಿ. ಬಟ್ಟೆಗೆ ಹಾಕುವ ನೀಲಿಯ ನಾಲ್ಕು ಹನಿಯನ್ನು ಆ ಟ್ಯಾಂಕಿಗೆ ಹಾಕಿ, ಅರ್ಧ ಗಂಟೆ ಯಾರೂ ಫ್ಲಷ್ ಮಾಡದಂತೆ ನೋಡಿಕೊಳ್ಳಿ. ಕೆಳಗಿನ ಬೇಸಿನ್ನಿನಲ್ಲಿ ನೀಲಿ ಬಣ್ಣ ಕಂಡರೆ ಒಳಗಿನ ರಬ್ಬರ್ ಸವೆದಿದೆ ಎಂದು ಅರ್ಥ. ಹಳೆಯ ದೊಡ್ಡ ಟ್ಯಾಂಕಾದರೆ, ನೀರು ತುಂಬಿ ಮುಚ್ಚಳ ಬಿಗಿದ ಒಂದು ಲೀಟರಿನ ಬಾಟಲಿಯನ್ನು ಅದರೊಳಗೆ ನಿಲ್ಲಿಸಿ. ಪ್ರತಿ ಸಲವೂ ಒಂದು ಲೀಟರ್ ಉಳಿಯುತ್ತದೆ.

ಕುಡಿಯುವ ನೀರಿಗೆಂದು ಆರ್‌ಒ ಯಂತ್ರ ಇಟ್ಟುಕೊಂಡಿರುವವರು ಅದರ ಹಿಂದಿನ ಸಣ್ಣ ಕೊಳವೆ ಎಲ್ಲಿಗೆ ಹೋಗುತ್ತದೆಂದು ನೋಡಲಿ. ಒಂದು ಲೀಟರ್ ಶುದ್ಧ ನೀರು ಕೊಡಲು ಸಾಮಾನ್ಯ ಯಂತ್ರವು ಎರಡು ಮೂರು ಲೀಟರನ್ನು ಹೊರಗೆ ಬಿಡುತ್ತದೆ. ಅದನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು ಬಳಸಬಹುದು. ಕೊಳವೆಬಾವಿಯ ಗಡಸು ನೀರಿಗೆ ಆ ಯಂತ್ರ ಬೇಕಾಗಬಹುದು. ಲವಣಾಂಶ ಕಡಿಮೆಯಿರುವ ಕಾವೇರಿ ನೀರಿಗೂ ಅದನ್ನೇ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ಅನಗತ್ಯ.

ಇನ್ನು ಬಿಸಿನೀರು. ಇಲ್ಲಿ ಲೆಕ್ಕ ಒಮ್ಮೆಲೇ ದೊಡ್ಡದಾಗುತ್ತದೆ. 20 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕೆಂದುಕೊಳ್ಳಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು 4.2 ಕಿಲೋಜೂಲ್ ಬೇಕು. 20, 20, 4.2 ಇವುಗಳನ್ನು ಗುಣಿಸಿದರೆ 1,680 ಕಿಲೋಜೂಲ್. ಅಂದರೆ ಹತ್ತಿರ ಹತ್ತಿರ ಅರ್ಧ ಯೂನಿಟ್. ಒಂದು ಬಕೆಟ್ ನೀರನ್ನು ಶಿವನಸಮುದ್ರದಿಂದ ಬೆಂಗಳೂರಿಗೆ ಎತ್ತಲು ತಗಲುವುದಕ್ಕಿಂತ ಹನ್ನೆರಡು ಪಟ್ಟು ಹೆಚ್ಚು ಶಕ್ತಿ ಅದನ್ನು ಸ್ನಾನಕ್ಕೆ ಹದವಾಗಿ ಬಿಸಿ ಮಾಡಲು ಬೇಕು! ನೀರು ತನ್ನೊಳಗೆ ಎಷ್ಟು ಶಾಖವನ್ನು ಅಡಗಿಸಿಕೊಳ್ಳಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪಠ್ಯಪುಸ್ತಕದಲ್ಲೂ ಸಿಗಲಾರದು. ಮನೆಯಲ್ಲಿ ಒಂದೇ ಒಂದು ಅಭ್ಯಾಸ ಬದಲಿಸಲು ಸಾಧ್ಯವೆಂದಾದರೆ ಬಿಸಿನೀರಿನಿಂದ ಆರಂಭಿಸಿ. ಮೊಬೈಲ್ ಚಾರ್ಜರಿನ ಸ್ವಿಚ್ ಆರಿಸುವುದು ಒಳ್ಳೆಯದೇ, ಆದರೆ ಅದು ಈ ಲೆಕ್ಕದ ಮುಂದೆ ಚಿಲ್ಲರೆ ಕಾಸು.

ಷವರಿನ ಕೆಳಗೆ ಹತ್ತು ನಿಮಿಷ ನಿಂತರೆ ನಾಲ್ಕೈದು ಬಕೆಟ್ ಬಿಸಿನೀರು ಹರಿದುಹೋಗಬಹುದು. ಬಕೆಟ್ಟು ಚೊಂಬಿನ ಸ್ನಾನ ಒಂದೂವರೆ ಬಕೆಟ್ಟಿನಲ್ಲಿ ಮುಗಿಯುತ್ತದೆ. ಗೀಸರನ್ನು ಬೆಳಗಿನಿಂದ ಹಾಕಿಟ್ಟರೆ ಅದರ ಮೈಯಿಂದ ಶಾಖ ಸೋರುತ್ತಲೇ ಇರುತ್ತದೆ. ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿದರೆ ಮತ್ತೆ ಮತ್ತೆ ಕಾಯಿಸುವುದು ತಪ್ಪುತ್ತದೆ. ತಾರಸಿಯ ಮೇಲೆ ಸೌರಶಕ್ತಿಯ ವಾಟರ್ ಹೀಟರ್ ಇದ್ದವರಿಗೆ ಮೋಡವಿಲ್ಲದ ದಿನ ಕಾಯಿಸುವ ಖರ್ಚೇ ಇಲ್ಲ. ಆದರೆ ಅಲ್ಲೊಂದು ಸಣ್ಣ ತೊಡಕಿದೆ. ತಾರಸಿಯಿಂದ ಬಚ್ಚಲಿನವರೆಗಿನ ಪೈಪಿನಲ್ಲಿ ರಾತ್ರಿಯೆಲ್ಲ ನಿಂತ ನೀರು ತಣ್ಣಗಾಗಿರುತ್ತದೆ. ಬಿಸಿ ಬರುವವರೆಗೆ ಅರ್ಧ ಬಕೆಟ್ಟೋ ಒಂದು ಬಕೆಟ್ಟೋ ನೀರನ್ನು ಮೋರಿಗೆ ಬಿಡುವವರು ಬಹಳ ಮಂದಿ. ಅದನ್ನು ಹಿಡಿದಿಡಿ, ಬಟ್ಟೆ ನೆನೆಸಲು ಬರುತ್ತದೆ.

ಸೌದೆ ಒಲೆಯ ಮೇಲೆ ಹಂಡೆಯಿಟ್ಟು ನೀರು ಕಾಯಿಸುವ ಮನೆಗಳು ಇಂದಿಗೂ ನಮ್ಮ ಹಳ್ಳಿಗಳಲ್ಲಿವೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಬಹುಪಾಲು ಪಕ್ಕಕ್ಕೆ ಹೋಗಿ ಗಾಳಿ ಸೇರುತ್ತದೆ. ಇದನ್ನು ಅಳೆದು ಸರಿಪಡಿಸಲು ನಮ್ಮಲ್ಲೇ ಪ್ರಯತ್ನ ನಡೆದಿದೆ. ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮೀಣ ಪ್ರದೇಶಗಳಿಗಾಗಿ ಆರಂಭಿಸಿದ 'ಅಸ್ತ್ರ' ಎಂಬ ತಂಡದಿಂದ ರೂಪುಗೊಂಡದ್ದೇ 'ಅಸ್ತ್ರ ಒಲೆ'. ಉರಿಯನ್ನು ಸುತ್ತಲೂ ಮುಚ್ಚಿ, ಬೇಕಾದಷ್ಟೇ ಗಾಳಿ ಬಿಟ್ಟು, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸುವುದು ಅದರ ತತ್ತ್ವ. ಸೌದೆಯೂ ಉಳಿಯಿತು, ಅಡುಗೆ ಮಾಡುವ ತಾಯಂದಿರ ಕಣ್ಣೂ ಉಳಿಯಿತು.

ಬಚ್ಚಲಿನಿಂದ ಅಡುಗೆಮನೆಗೆ ಬರೋಣ. ನೀರು ಕುದಿಯಲು ಆರಂಭಿಸಿದ ಮೇಲೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ಅದರ ಉಷ್ಣತೆ ಏರುವುದಿಲ್ಲ. ಬೆಂಗಳೂರಿನ ಎತ್ತರದಲ್ಲಿ ಅದು 97 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಸಣ್ಣ ಉರಿಯಲ್ಲಿ ಮೆಲ್ಲಗೆ ಕುದಿಯುವ ಸಾರಿಗೂ ದೊಡ್ಡ ಉರಿಯಲ್ಲಿ ಕೊತಕೊತ ಕುದಿಯುವ ಸಾರಿಗೂ ಬಿಸಿ ಒಂದೇ; ಬೇಳೆ ಬೇಯುವ ವೇಗವೂ ಒಂದೇ. ಹೆಚ್ಚಿನ ಉರಿ ಮಾಡುವ ಕೆಲಸವೆಂದರೆ ನೀರನ್ನು ಆವಿ ಮಾಡುವುದು ಮಾತ್ರ. ಆವಿಯಾಗಲು ನೀರು ಕೇಳುವ ಶಾಖ ಅಪಾರ: ಒಂದು ಲೀಟರಿಗೆ ಸುಮಾರು 2,260 ಕಿಲೋಜೂಲ್. ಕೋಣೆಯ ಉಷ್ಣತೆಯಿಂದ ಕುದಿಯುವ ಹಂತಕ್ಕೆ ತರಲು ಬೇಕಾಗುವುದರ ಏಳು ಪಟ್ಟಿಗೂ ಹೆಚ್ಚು. ದಿನಕ್ಕೆ ಕಾಲು ಲೀಟರ್ ನೀರು ಹೀಗೆ ಸುಮ್ಮನೆ ಆವಿಯಾಗಿ ಹೋದರೆ ಸುಮಾರು 19 ಗ್ರಾಂ ಗ್ಯಾಸ್ ಉರಿಯುತ್ತದೆ. ವರ್ಷಕ್ಕೆ ಏಳು ಕಿಲೋ, ಅಂದರೆ ಅರ್ಧ ಸಿಲಿಂಡರ್. ಪಾತ್ರೆಗೆ ತಟ್ಟೆ ಮುಚ್ಚಿ, ಕುದಿ ಬಂದ ಕೂಡಲೇ ಉರಿ ತಗ್ಗಿಸಿದರೆ ಇದರ ಬಹುಪಾಲು ಉಳಿಯುತ್ತದೆ.

ಕುಕ್ಕರಿನಲ್ಲಿ ಒತ್ತಡದಿಂದಾಗಿ ನೀರು 120 ಡಿಗ್ರಿಯವರೆಗೆ ಏರುತ್ತದೆ. ಬೇಗ ಬೇಯಲು ಅದೇ ಕಾರಣ. ವಿಷಲ್ ಕೂಗಿತೆಂದರೆ ಆ ಒತ್ತಡ ತಲುಪಿತು, ಇನ್ನು ಉರಿ ಸಣ್ಣ ಮಾಡಬಹುದು ಎಂಬ ಸೂಚನೆ. ನಮ್ಮ ಮನೆಗಳಲ್ಲಿ ಅದನ್ನು ಗಡಿಯಾರವಾಗಿ ಬಳಸಿ ದೊಡ್ಡ ಉರಿಯಲ್ಲೇ ಐದಾರು ವಿಷಲ್ ಎಣಿಸುತ್ತೇವೆ. ಪ್ರತಿ ಕೂಗಿನಲ್ಲೂ ಹೊರಹೋಗುವುದು ಕಾಸು ಕೊಟ್ಟು ಮಾಡಿದ ಆವಿ. ಕಡಲೆ, ಅಲಸಂದೆ, ಹುರಳಿಯನ್ನು ರಾತ್ರಿಯೇ ನೆನೆಹಾಕುವ ಹಳೆಯ ಪದ್ಧತಿಗೂ ಇಲ್ಲಿ ಅರ್ಥವಿದೆ: ಕಾಳಿನ ಒಳಗೆ ನೀರು ಸೇರಿಸುವ ನಿಧಾನದ ಕೆಲಸವನ್ನು ಉರಿಯಿಲ್ಲದೆ ರಾತ್ರಿಯೇ ಮುಗಿಸಿಬಿಡುತ್ತದೆ. ಅಮ್ಮನಿಗೆ ಉಪದೇಶ ಮಾಡುವ ಮೊದಲು, ಒಂದು ಭಾನುವಾರದ ಅಡುಗೆಯನ್ನು ನೀವೇ ಹೀಗೆ ಮಾಡಿ ನೋಡುವುದು ಒಳಿತು.

ಪಂಪಿನ ನೆರವಿಲ್ಲದೆ, ಯಾವ ಬೆಟ್ಟವನ್ನೂ ಹತ್ತದೆ ಮನೆಗೆ ಬರುವ ನೀರು ಒಂದಿದೆ: ಮಳೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. 100 ಚದರ ಮೀಟರ್ ತಾರಸಿಯ ಮೇಲೆ ಅದು 97,000 ಲೀಟರ್. ಐದನೇ ಒಂದು ಭಾಗ ಇಂಗಿ, ಆರಿ, ಚೆಲ್ಲಿ ಹೋದರೂ ನಾಲ್ವರ ಕುಟುಂಬದ ನಾಲ್ಕೂವರೆ ತಿಂಗಳ ನೀರು ಉಳಿಯುತ್ತದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ ಅವರು ವಿಜಯನಗರದಲ್ಲಿ 1990ರ ದಶಕದಲ್ಲಿ ಕಟ್ಟಿದ ತಮ್ಮ ಮನೆಯಲ್ಲಿ ಜಲಮಂಡಳಿಯ ಸಂಪರ್ಕವನ್ನೇ ಪಡೆಯದೆ ಮಳೆ ನೀರಿನಲ್ಲಿ ಸಂಸಾರ ನಡೆಸಿ ತೋರಿಸಿದವರು. 2009ರಲ್ಲಿ ಕಾನೂನಿಗೆ ತಿದ್ದುಪಡಿ ತಂದು, ನಗರದಲ್ಲಿ ನಿಗದಿತ ಅಳತೆಗಿಂತ ದೊಡ್ಡ ನಿವೇಶನಗಳ ಮನೆಗಳಿಗೆ ಮಳೆ ನೀರು ಸಂಗ್ರಹವನ್ನು ಕಡ್ಡಾಯ ಮಾಡಲಾಯಿತು. ಬಾಡಿಗೆ ಮನೆಯಲ್ಲಿರುವವರು ಕೊನೆಯಪಕ್ಷ ತಾರಸಿಯ ಪೈಪಿನ ಕೆಳಗೆ 200 ಲೀಟರಿನ ಡ್ರಮ್ ಇಡಬಹುದು. ಎರಡು ಮಿಲಿಮೀಟರ್ ಮಳೆಗೆ ಅದು ತುಂಬುತ್ತದೆ. ಧೂಳು ತೊಳೆದು ಬರುವ ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡದಂತೆ ಡ್ರಮ್ಮಿನ ಬಾಯಿಗೆ ಬಟ್ಟೆ ಬಿಗಿಯಬೇಕು.

ಇಷ್ಟು ಕಷ್ಟಪಟ್ಟು ತಂದ ನೀರು ಮೋರಿಗೆ ಇಳಿದ ಮೇಲೆ ಎಲ್ಲಿಗೆ ಹೋಗುತ್ತದೆ? ಮನೆಗೆ ಬಂದ ನೀರಿನ ನೂರರಲ್ಲಿ ಎಂಬತ್ತು ಭಾಗ ಕೊಳಚೆಯಾಗಿ ಹೊರಬೀಳುತ್ತದೆ ಎಂಬುದು ಎಂಜಿನಿಯರುಗಳ ಅಂದಾಜು. ಬೆಂಗಳೂರಿನ ಬೆಳ್ಳಂದೂರು ಕೆರೆ 2015ರಲ್ಲಿ ರಸ್ತೆಗೆ ಹಾರುವಷ್ಟು ನೊರೆಯುಗುಳಿದ್ದನ್ನೂ, 2017ರ ಫೆಬ್ರವರಿಯಲ್ಲಿ ಅದೇ ಕೆರೆಗೆ ಬೆಂಕಿ ಹತ್ತಿಕೊಂಡಿದ್ದನ್ನೂ ನೀವು ಸುದ್ದಿಯಲ್ಲಿ ನೋಡಿರಬಹುದು. ಆ ನೊರೆಯಲ್ಲಿ ಮನೆಮನೆಯ ಸೋಪಿನ ಪುಡಿಯ ಪಾಲೂ ಇತ್ತು. 2018ರ ಜೂನ್‌ನಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಡಿ ಪಂಪು ಮಾಡಿ ಕೋಲಾರದ ಬತ್ತಿದ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಲಾಗುತ್ತದೆ. ಡಿಟರ್ಜೆಂಟಿನಲ್ಲಿರುವ ಫಾಸ್ಫೇಟಿನಂಥ ಲವಣಗಳೆಲ್ಲ ಆ ಹಂತದಲ್ಲಿ ಹೋಗುವುದಿಲ್ಲ. ಕೆರೆಯಲ್ಲಿ ಇಂಗಿದ ನೀರು ಸೇರುವುದು ಅಂತರ್ಜಲವನ್ನು. ಕೋಲಾರದ ರೈತನ ಕೊಳವೆಬಾವಿ ನೀರೆತ್ತುವುದು ಅದೇ ಅಂತರ್ಜಲದಿಂದ. ನಾವು ಇಲ್ಲಿ ಬಕೆಟ್ಟಿಗೆ ಹಾಕಿದ ಪುಡಿ ಅಲ್ಲಿ ಒಬ್ಬರ ಮನೆಯ ಪ್ರಶ್ನೆಯಾಗುತ್ತದೆ.

ಡಿಟರ್ಜೆಂಟಿನ ಕೊಳೆ ತೆಗೆಯುವ ಗುಣಕ್ಕೂ ಅದರ ನೊರೆಗೂ ನೇರ ಸಂಬಂಧವಿಲ್ಲ. ನೊರೆ ಕಂಡರೆ ನಮಗೆ ಸಮಾಧಾನ, ಅಷ್ಟೇ. ಮುಂದಿನ ವಾರ ಬಟ್ಟೆ ಒಗೆಯುವಾಗ ಎಂದಿನ ಅಳತೆಯ ಅರ್ಧದಷ್ಟು ಪುಡಿ ಹಾಕಿ, ಬಟ್ಟೆಯನ್ನು ಎಂದಿಗಿಂತ ಅರ್ಧ ಗಂಟೆ ಹೆಚ್ಚು ನೆನೆಸಿಡಿ. ಕಾಲರಿನ ಕೊಳೆ ಹೋಗದಿದ್ದರೆ ಕಾಲರಿಗೆ ಮಾತ್ರ ಸೋಪು ಹಚ್ಚಿ ಉಜ್ಜಿ. ಜಾಲಿಸುವಾಗ ಎರಡನೇ ನೀರಿನಲ್ಲೇ ನೊರೆ ನಿಂತಿದ್ದರೆ ಮೂರನೇ ಬಕೆಟ್ ನೀರು ಬೇಕಾಗುವುದಿಲ್ಲ. ಆ ಎರಡನೇ ನೀರನ್ನು ಚೆಲ್ಲದೆ ಶೌಚಾಲಯದ ಬಕೆಟ್ಟಿಗೆ ಸುರಿಯಿರಿ.